ಬಂದರಿಗೆ ಸೆಪ್ಟೆಂಬರಿನಲ್ಲಲ್ಲ, ಜೂನಿನಲ್ಲಿ ಬನ್ನಿ

ಮಳೆಗಾಲ ಮುಗಿದ ಮೇಲೆ ಉಡುಪಿ ಜಿಲ್ಲೆಯ ಗಂಗೊಳ್ಳಿ ಮೀನುಗಾರಿಕಾ ಬಂದರಿನ ಕಸ ನೋಡಿ ಮೀನುಗಾರರನ್ನು ಬೈಯುವವರು ಜಾಸ್ತಿ. ಒಮ್ಮೆ ಹತ್ತಿರ ಹೋಗಿ ನೋಡಿ. ಶಾಂಪೂ ಪ್ಯಾಕೆಟ್, ಚಪ್ಪಲಿ, ನೀರಿನ ಬಾಟಲಿ, ಔಷಧಿ ಡಬ್ಬಿ. ಇವೆಲ್ಲ ಬೋಟಿನಿಂದ ಬಿದ್ದದ್ದಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಇಲ್ಲಿ ಕಡಲು ಸೇರುತ್ತವೆ. ಕೊಲ್ಲೂರಿನಲ್ಲೋ ಹಾಲಾಡಿಯಲ್ಲೋ ನೀರಿಗೆ ಬಿದ್ದದ್ದು ತೇಲಿ ಬಂದು ಸೇರುವುದು ಈ ಅಳಿವೆಗೇ. ಘಟ್ಟದ ಬುಡದಿಂದ ಬಂದ ಕಸವನ್ನು ಹೆಕ್ಕುವ ಕೆಲಸ ಮಾತ್ರ ಸ್ವಯಂಸೇವಕರಾಗಿ ದುಡಿಯುವ ಬಂದರಿನ ಹುಡುಗರ ಪಾಲಿಗೆ.

ಆ ಹುಡುಗರ ಮೇಲೆ ನನಗೆ ತುಂಬಾ ಗೌರವ ಇದೆ. ಯಾಕೆಂದರೆ ಬೀಚಿನ ಕಸ ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ ಅಷ್ಟೇ, ಬಂದರಿನ ಕಸ ಜೀವವನ್ನೇ ತೆಗೆಯಬಹುದು. ತೇಲುತ್ತಿರುವ ಬಲೆ ತುಂಡೊಂದು ಬೋಟನ್ನು ಮುಂದೆ ತಳ್ಳುವ ನೀರಿನಡಿಯ ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತಿಕೊಂಡರೆ ಎಂಜಿನ್ ಅಲ್ಲಿಗೇ ಬಂದ್. ಅಳಿವೆಯಲ್ಲಿ ಹೂಳು ತುಂಬಿರುವಾಗ ಹೀಗಾದರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಆಮೇಲೆ ಮಗುಚಲು ಹೆಚ್ಚು ಹೊತ್ತು ಬೇಡ. ಸುತ್ತಿದ ನೈಲಾನ್ ತಿರುಗುವ ಬಿಸಿಗೆ ಕರಗಿ ಕಲ್ಲಿನಂತೆ ಗಟ್ಟಿಯಾಗಿಬಿಡುತ್ತದೆ. ಯಾರಾದರೂ ಚೂರಿ ಹಿಡಿದು ನೀರಿಗಿಳಿದು, ಉಸಿರು ಕಟ್ಟಿ, ಎಳೆ ಎಳೆಯಾಗಿ ಕೊಯ್ಯಬೇಕು. ತಲೆಯ ಮೇಲೆ ಬೋಟು ಏಳುತ್ತಾ ಬೀಳುತ್ತಾ ಇರುತ್ತದೆ.

ಅದಕ್ಕೇ ಒಂದು ಮಾತು ಹೇಳಬೇಕು ಅನಿಸಿತು. ಸೆಪ್ಟೆಂಬರಿನ ಮೂರನೇ ಶನಿವಾರ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ. ಆ ದಿನ ಕಾಲೇಜು, ಕಚೇರಿಗಳಿಂದ ಜನ ಬರುತ್ತಾರೆ. ಬರಲಿ, ಸಂತೋಷ. ಆದರೆ ಬಂದರಿಗೆ ಕೈ ಜಾಸ್ತಿ ಬೇಕಾಗುವುದು ಜೂನ್, ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡದಲ್ಲಿ. ಬಲೆ ದುರಸ್ತಿ ನಡೆಯುವುದು ಆಗಲೇ. ಹರಿದ ಭಾಗ ಕತ್ತರಿಸಿ ಹೊಸದು ಸೇರಿಸುವಾಗ ಕಾಲಬುಡದಲ್ಲೇ ತುಂಡುಗಳ ರಾಶಿ ಬೀಳುತ್ತದೆ. ಒಂದು ಜೋರು ಮಳೆ ಬಂದರೆ ಆ ರಾಶಿ ನೀರಿಗೆ. ಅಲ್ಲೇ ಚೀಲಕ್ಕೆ ತುಂಬಿಸಿದರೆ ಸೆಪ್ಟೆಂಬರಿನಲ್ಲಿ ಕೆಸರಿನಿಂದ ಕೀಳುವ ಪಾಡೇ ಇಲ್ಲ, ಅಲ್ವಾ?

ಬೋಟಿನವರದ್ದು ಏನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಹರಿದ ಬಲೆ, ಊಟದ ಪ್ಲಾಸ್ಟಿಕ್ ಕಡಲಿಗೆ ಎಸೆಯುವವರು ಇದ್ದಾರೆ. ಆದರೆ ವಾಪಸ್ ತಂದರೆ ಎಲ್ಲಿ ಹಾಕಬೇಕು? ನಮ್ಮ ಎಷ್ಟೋ ಕಿರು ಬಂದರುಗಳಲ್ಲಿ ಅದಕ್ಕೊಂದು ಜಾಗವೇ ಇಲ್ಲ. ಸ್ವಯಂಸೇವಕರು ಬೆಳಗ್ಗೆ ಕಟ್ಟಿಟ್ಟ ಚೀಲ ವಾರಗಟ್ಟಲೆ ಅಲ್ಲೇ ಕೂತು, ನಾಯಿ ಎಳೆದು, ಮತ್ತೆ ನೀರಿಗೇ ಬೀಳುತ್ತದೆ. ಇದು ಅವರ ದುಡಿಮೆಗೆ ಮಾಡುವ ಅವಮಾನ. ಸ್ವಯಂಸೇವಕರು ಇದ್ದಾರಲ್ಲ ಅಂತ ಸಂಬಳದವರು ಕೈ ಕಟ್ಟಿ ಕೂರುವುದನ್ನು ನಾನಂತೂ ಒಪ್ಪುವುದಿಲ್ಲ.

ಕೇರಳದ ಕೊಲ್ಲಂ ಬಳಿಯ ನೀಂಡಕರ ಬಂದರಿನಲ್ಲಿ 2017ರಲ್ಲಿ ಶುಚಿತ್ವ ಸಾಗರಂ ಅಂತ ಒಂದು ಕೆಲಸ ಶುರುವಾಯಿತು. ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಬೋಟಿನವರು ಚೀಲದಲ್ಲಿ ತುಂಬಿ ದಡಕ್ಕೆ ತಂದರು. ಹೆಂಗಸರು ತೊಳೆದು ಬೇರ್ಪಡಿಸಿದರು, ಅವರಿಗೆ ಕೂಲಿ ಸಿಕ್ಕಿತು. ಪುಡಿ ಮಾಡಿದ ಪ್ಲಾಸ್ಟಿಕ್ ರಸ್ತೆ ಡಾಂಬರಿಗೆ ಹೋಯಿತು. ಅಲ್ಲಿ ಬೋಟಿನವರು, ಹೆಂಗಸರು, ಸರ್ಕಾರ ಮೂವರೂ ಕೈ ಹಾಕಿದರು. ನಮ್ಮಲ್ಲಿ ಸ್ವಯಂಸೇವಕರು ಮಾತ್ರ ಕೈ ಹಾಕುತ್ತಿದ್ದಾರೆ.

ದೊಡ್ಡ ಯಂತ್ರ ಆಮೇಲೆ ಬರಲಿ. ಮೊದಲು ಬಲೆ ಕಟ್ಟುವ ಜಾಗದ ಪಕ್ಕ ಮಳೆ ನೀರು ಒಳಗೆ ಬರದ ಒಂದು ಶೆಡ್ ಕೊಡಿ. ನೈಲಾನ್ ಬಲೆ ಒಂದು ಕಡೆ, ಹಗ್ಗ ಒಂದು ಕಡೆ, ಥರ್ಮಾಕೋಲ್ ಒಂದು ಕಡೆ. ವಾರಕ್ಕೊಮ್ಮೆ, ಹೇಳಿದ ದಿನವೇ ಗಾಡಿ ಬರಲಿ. ಬರುವ ಜೂನಿನಲ್ಲಿ ನೀವೂ ಬನ್ನಿ. ಕೈಗವಸು, ಗಟ್ಟಿ ಗೋಣಿಚೀಲ ತನ್ನಿ. ಬಂದವರು ಮೊದಲು ತಾಂಡೇಲರ (ಬೋಟು ನಡೆಸುವ ಮುಖ್ಯಸ್ಥರ) ಹತ್ತಿರ ಹೋಗಿ ಯಾವ ಬಲೆ ಬೇಕು, ಯಾವುದು ಬೇಡ ಅಂತ ಕೇಳಿ. ನಮಗೆ ಕಸದ ಹಾಗೆ ಕಾಣುವ ಎಷ್ಟೋ ತುಂಡುಗಳನ್ನು ಅವರು ತೇಪೆ ಹಾಕಲು ಎತ್ತಿಟ್ಟಿರುತ್ತಾರೆ.