ಅವನನ್ನೇ ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತು?

ನನ್ನ ಆಫೀಸು ಗೊತ್ತಲ್ಲ, ಝೆರಾಕ್ಸ್ ಅಂಗಡಿ ಮೇಲಿನದು. ಇವತ್ತು ಆ ಮೆಟ್ಟಿಲು ಹತ್ತಿ ಒಬ್ಬ ಅಜ್ಜಿ ಬಂದಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ. ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾದ ಮಗನ ಪೆರೋಲ್ ಅರ್ಜಿ ವಜಾ ಆಗಿದೆ. ಮಳೆಗೆ ಬಿದ್ದ ಗೋಡೆ ಕಟ್ಟಿಸಲು ಮೂವತ್ತು ದಿನ ಕೇಳಿದ್ದ. ಕಾರಣ ಒಂದೇ ಸಾಲು: ‘ಫಿರ್ಯಾದಿ ಕಡೆಯವರು ಅದೇ ಗ್ರಾಮದಲ್ಲಿದ್ದು, ಶಾಂತಿಭಂಗವಾಗುವ ಸಂಭವವಿರುತ್ತದೆ.’ ಫಿರ್ಯಾದಿ ಕಡೆಯವರು ಅಂದರೆ ಸತ್ತವನ ಮನೆಯವರು. ಪೊಲೀಸ್ ರಿಪೋರ್ಟಿನ ಸಾಲು, ಹಾಗೇ ಇಳಿಸಿದ್ದಾರೆ.

ಓದಿ ಹೇಳಿದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು.

“ಅವರು ಊರಾಗ ಎಲ್ಲಿ ಅದಾರ್ರೀ ವಕೀಲ್ರ? ಗೋವಾಕ್ಕ ದುಡಿಯಾಕ ಹೋಗಿ ಆರು ವರ್ಷ ಆತು. ಮನಿಗೆ ಕೀಲಿ ಐತಿ.”

ಇದನ್ನು ಅವನೂ ಹೇಳುತ್ತಿದ್ದ. ಯಾರೂ ಕೇಳಲಿಲ್ಲ, ಅಷ್ಟೇ. ‘ನೋಡಪ್ಪಾ, ನಿನ್ನ ಮೇಲೆ ಹೀಗೆ ಬರೆದಿದ್ದಾರೆ, ಏನಂತೀಯ?’ ಎನ್ನಲು ಐದು ನಿಮಿಷ ಸಾಕು. ವಿಚಾರಣಾ ಕೈದಿಗಳ ರಿಮಾಂಡ್ ವಿಸ್ತರಿಸುವಾಗ ಜೈಲಿನ ವಿಡಿಯೋ ಕಾನ್ಫರೆನ್ಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇದಕ್ಕೆ ಮಾತ್ರ ನೆಟ್‌ವರ್ಕ್ ಸಿಗುವುದಿಲ್ವಾ?

2013ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಆಸ್ಬಾರ್ನ್ ಕೇಸ್ ಬಂತು. ಆಸ್ಬಾರ್ನ್ ಎಂಬ ಕೈದಿಯನ್ನು ಬಿಡುಗಡೆಯಾದ ದಿನವೇ, ಹೊತ್ತಿಗೆ ಸರಿಯಾಗಿ ಹಾಸ್ಟೆಲ್ ಸೇರಲಿಲ್ಲ ಎಂದು ವಾಪಸ್ ಒಳಗೆ ಹಾಕಿದ್ದರು. ಪೆರೋಲ್ ಬೋರ್ಡ್ ಕಾಗದ ನೋಡಿಯೇ ತೀರ್ಮಾನಿಸಿತ್ತು. ಲಾರ್ಡ್ ರೀಡ್ ಬರೆದ ತೀರ್ಪು ಅದನ್ನು ಒಪ್ಪಲಿಲ್ಲ. ಬಿಡುವ ಸಾಧ್ಯತೆ ಕಡಿಮೆ ಇದ್ದರೂ, ನ್ಯಾಯವಾಗಿ ನಡೆದುಕೊಳ್ಳಲು ಬೇಕಿದ್ದರೆ ಎದುರು ಕೂರಿಸಿ ಕೇಳಲೇಬೇಕು. ಸಮಯ, ಖರ್ಚು ಉಳಿಯುತ್ತದೆ ಎಂದು ತಪ್ಪಿಸುವ ಹಾಗಿಲ್ಲ. (ಅಲ್ಲಿ ಪೆರೋಲ್ ಅಂದರೆ ಅವಧಿಗೆ ಮುಂಚಿನ ಬಿಡುಗಡೆ, ನಮ್ಮಲ್ಲಿ ನಾಲ್ಕು ದಿನದ ರಜೆ. ಗೊತ್ತು. ಕಾಮೆಂಟಿನಲ್ಲಿ ಪಾಠ ಬೇಡ.)

‘ಸತ್ತವನ ಮನೆಯವರನ್ನು ಕೇಳಿದಿರಾ ಸರ್?’ ಅಂತ ಒಬ್ಬರು ಬಂದೇ ಬರುತ್ತಾರೆ. ಕೇಳಿ ಸ್ವಾಮಿ, ನಾನೆಲ್ಲಿ ಬೇಡ ಎಂದೆ? ಗೋವಾಕ್ಕೆ ಒಂದು ಫೋನ್ ಹಾಕಿ. ಅವರನ್ನೂ ಕೇಳದೆ ಅವರ ಹೆಸರು ಬರೆದಿದ್ದಾರೆ! 2017ರಲ್ಲಿ ರೇಪ್ ಕೇಸಿನಲ್ಲಿ ಶಿಕ್ಷೆಯಾದ ಡೇರಾ ಸಚ್ಚಾ ಸೌದಾದ ಬಾಬಾ ಗುರ್ಮೀತ್ ರಾಮ್ ರಹೀಮ್ ಹತ್ತಕ್ಕೂ ಹೆಚ್ಚು ಸಲ ಹೊರಗೆ ಬಂದು ಹೋಗಿದ್ದಾನೆ. ಅಲ್ಲಿ ಶಾಂತಿಗೆ ಏನೂ ಆಗುವುದಿಲ್ಲ. ಅಜ್ಜಿಯ ಊರಿನ ಶಾಂತಿ ಮಾತ್ರ ಗಾಜಿನದು.

ಇನ್ನೊಂದು ಹೇಳಿಬಿಡುತ್ತೇನೆ, ಬೈದರೂ ಪರವಾಗಿಲ್ಲ. ಆ ಅರ್ಜಿ ಬರೆದದ್ದು ನಾನೇ. ಹಳೇ ಅರ್ಜಿಯಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆದಿದ್ದೆ. ಜೈಲಿಗೆ ಹೋಗಿ ಅವನನ್ನು ಮಾತಾಡಿಸಿರಲಿಲ್ಲ. ಮಾತಾಡಿಸಿದ್ದರೆ ಗೋವಾದ ವಿಷಯ ಅರ್ಜಿಯಲ್ಲೇ ಇರುತ್ತಿತ್ತು.

ನಾಳೆ ಹೋಗುತ್ತಿದ್ದೇನೆ. ಆಮೇಲೆ ಹೈಕೋರ್ಟಿಗೆ ರಿಟ್ ಅರ್ಜಿ. ಅಲ್ಲಿಯವರೆಗೆ ಅಜ್ಜಿ ಬಿದ್ದ ಗೋಡೆಗೆ ತಾಡಪತ್ರಿ ಕಟ್ಟಿಕೊಂಡು ಮಲಗುತ್ತಾರಂತೆ.