ಯಾವ ಸಿಮ್ಮಿಗೆ ಯಾವ ಕಿಟಕಿ

ಹೊಸನಗರದ ಕಡೆ ನಮ್ಮನೇಲಿ ಒಂದೊಂದು ಸಿಮ್ಮಿಗೂ ಸಿಗ್ನಲ್ ಸಿಗೋ ಒಂದೊಂದು ಜಾಗ ಫಿಕ್ಸು. ಅಪ್ಪಂದು ಜಗಲಿ ಕಂಬದ ಹತ್ರ, ನಂದು ಅಟ್ಟದ ಏಣಿಯ ಮೇಲಿನ ಮೆಟ್ಲು, ಅಮ್ಮಂದು ಅಡುಗೆಮನೆ ಕಿಟಕಿ. ಮಾತಾಡ್ತಾ ಕಿಟಕಿ ಬಿಟ್ಟು ಕದಲೋ ಹಾಗಿಲ್ಲ, ಹಾಗಾಗಿ ಒಗ್ಗರಣೆ ಸೀದಿದೆ ಅಂದ್ರೆ ದೊಡ್ಡಮ್ಮನ ಫೋನ್ ಬಂದಿತ್ತು ಅಂತ್ಲೇ ಲೆಕ್ಕ.

ಇಂಥಾ ಮನೆಗೆ ದೀಪಾವಳಿಗೆ ಬೆಂಗ್ಳೂರಿಂದ ಭಾವ ಬಂದ. "ನೋಡಿ ಮಾವ, ಜಿಯೋದು ಸ್ಟ್ಯಾಂಡ್‌ಅಲೋನ್, 5ಜಿಗೆ ಅಂತ್ಲೇ ಬೇರೆ ಕೋರ್, ಅಂದ್ರೆ ಹಿಂದೆ ಕೂತು ಎಲ್ಲಾ ನಡೆಸೋ ಮಿದುಳು, ಇಟ್ಟಿದಾರೆ, ಏರ್‌ಟೆಲ್ 2022ರಲ್ಲಿ ಶುರು ಮಾಡಿದ್ದು ನಾನ್ ಸ್ಟ್ಯಾಂಡ್‌ಅಲೋನ್, ಅಂದ್ರೆ 4ಜಿ ಹೆಗಲ ಮೇಲೆ 5ಜಿ ಕೂರ್ಸಿದ್ದು" ಅಂತ ಶುರು ಹಚ್ಕೊಂಡ. ಅಪ್ಪ ಅಡಿಕೆ ಸುಲೀತಾನೇ "ಎರಡ್ರಲ್ಲಿ ತೋಟದ ತುದೀಲಿ ಸಿಗೋದು ಯಾವ್ದು?" ಅಂದ್ರು.

ಅವ್ನು ಅಲ್ಲಿಂದ ಬ್ಯಾಂಡಿಗೆ, ಅಂದ್ರೆ ಸಿಗ್ನಲ್ ಹೊತ್ತು ತರೋ ರೇಡಿಯೋ ಅಲೆಗಳ ಲೆಕ್ಕಕ್ಕೆ, ಹಾರಿದ. 700 ಮೆಗಾಹರ್ಟ್ಸ್ ದೂರ ಹೋಗತ್ತೆ, ಗೋಡೆಗೂ ನುಗ್ಗತ್ತೆ, ಆದ್ರೆ ಸ್ಪೀಡ್ ಕಮ್ಮಿ. 3500ರಲ್ಲಿ ಸ್ಪೀಡ್ ಜಾಸ್ತಿ, ಆದ್ರೆ ಬೇಗ ಸುಸ್ತಾಗತ್ತೆ. 26 ಗಿಗಾಹರ್ಟ್ಸಿಗಂತೂ ಮರದ ಎಲೆ ಅಡ್ಡ ಬಂದ್ರೂ ಕಷ್ಟ. ಎಲೆ ಅಡ್ಡ ಬರಬಾರ್ದಂತೆ! ಮಲೆನಾಡಲ್ಲಿ! ಹೀಗೆ ಹೇಳ್ತಿದ್ದೋನ ಫೋನಲ್ಲೇ 5ಜಿ ಅಂತ ಕಾಣ್ತಿತ್ತು, ವಾಟ್ಸಾಪ್ ಫೋಟೋ ಮಾತ್ರ ಗಿರಗಿರ ತಿರುಗ್ತಾನೇ ಇತ್ತು. ಕೇಳಿದ್ರೆ, ನಾನ್ ಸ್ಟ್ಯಾಂಡ್‌ಅಲೋನಲ್ಲಿ ಫೋನ್ ಸುಮ್ನೆ ಕೂತಿರೋವಾಗ 4ಜಿ ಟವರು "ನನ್ ಜೊತೆ 5ಜಿನೂ ಇರಬಹ್ದು" ಅಂತ ಸುಳಿವು ಕೊಟ್ರೂ ಸಾಕಂತೆ, ಮೇಲ್ಗಡೆ 5ಜಿ ಅಂತ ಬಂದ್ಬಿಡತ್ತಂತೆ. ಇರಬಹ್ದು ಅನ್ನೋದ್ಕೆಲ್ಲ ಬೋರ್ಡ್ ಹಾಕೋದಾದ್ರೆ ನಮ್ಮೂರಿಗೆ ರೈಲ್ವೆ ಸ್ಟೇಷನ್ನೂ ಬಂದಿರೋದು.

ಅವನ ಭಾಷಣ ಕೇಳಿದ ಪಕ್ಕದ್ಮನೆ ಅಜ್ಜ ಮಾರನೇ ದಿನಾನೇ ಜಿಯೋ ಸಿಮ್ ತಂದು ತಮ್ಮ ಹಳೇ ಕೀಪ್ಯಾಡ್ ಸೆಟ್ಟಿಗೆ ಹಾಕ್ಕೊಂಡ್ರು. ಅದು ಬರೀ 2ಜಿ ಸೆಟ್ಟು, ಜಿಯೋ 2016ರಲ್ಲಿ ಬಂದಿದ್ದೇ 2ಜಿ, 3ಜಿ ಎರಡೂ ಇಲ್ದೆ, ಕರೆಗೂ ವೋಲ್ಟೀನೇ, ಅಂದ್ರೆ 4ಜಿ ಮೇಲೇ ಮಾತಾಡೋ ವ್ಯವಸ್ಥೆನೇ, ಬೇಕು. ಅಜ್ಜ ಫೋನನ್ನ ಸೂರ್ಯನ ಕಡೆ ಹಿಡಿದು ನೋಡಿದ್ರು, ಬಿಚ್ಚಿ ಊದಿದ್ರು, ಕೊನೆಗೆ ಭಾವನ್ನ ಮಾತಾಡ್ಸೋದು ಬಿಟ್ರು.

ಅಮ್ಮಂಗೆ ಮಾತ್ರ ಪೋರ್ಟ್ ಮಾಡ್ಲೇಬೇಕು, ಅಂದ್ರೆ ನಂಬರ್ ಅದೇ ಇಟ್ಕೊಂಡು ಕಂಪನಿ ಬದಲಾಯಿಸ್ಲೇಬೇಕು ಅಂತ ಹಠ ಬಂತು. ಪೋರ್ಟ್ ಅಂತ ಬರೆದು ಮುಂದೆ ನಂಬರ್ ಹಾಕಿ 1900ಗೆ ಮೆಸೇಜ್ ಕಳಿಸ್ಬೇಕು, ಅಷ್ಟೇ. ಆದ್ರೆ ಅವತ್ತು ಬೆಳಗ್ಗಿಂದ ಕರೆಂಟಿಲ್ಲ, ಟವರಿನ ಬ್ಯಾಟರಿನೂ ಮಲಗಿದೆ, ಅಂದ್ರೆ ಈ ನೆಟ್‌ವರ್ಕ್ ಸಿಗಲ್ಲ ಅಂತ ಬಿಡೋಣ ಅಂದ್ರೆ ಬಿಡೋಕೂ ಅದೇ ನೆಟ್‌ವರ್ಕ್ ಬೇಕು. ಸಂಜೆ ಮೇಲೆ ಗುಡ್ಡ ಹತ್ತಿ ಕಳಿಸಿದ್ವಿ, ಕೋಡೂ ಬಂತು. ಅದು ನಾಲ್ಕೇ ದಿನ ಇರೋದು ಅಂತ ಅಮ್ಮ ಕ್ಯಾಲೆಂಡರಲ್ಲಿ ಗುರುತು ಹಾಕಿದ್ಲು.

ಹೊಸ ಕಂಪನಿ ಹುಡುಗ ಮನೆಗೇ ಬಂದ, ಪಾಪ, ಬೈಕ್ ತುಂಬಾ ಕೆಸರು. ಆಧಾರ್ ತಗೊಂಡ, ಅಮ್ಮನ್ನ ಕಂಬದ ಮುಂದೆ ನಿಲ್ಸಿ ಫೋಟೋ ಹೊಡ್ದ, ಆಮೇಲೆ ಆ್ಯಪ್ ಹಿಡ್ಕೊಂಡು ಜಗಲಿ, ಅಂಗಳ, ಕೊಟ್ಟಿಗೆ ಎಲ್ಲಾ ಸುತ್ತಿ ಬಂದು ಮೆಲ್ಲಗೆ ಕೇಳ್ದ: "ಆಂಟಿ, ಈ ಮನೇಲಿ ನೆಟ್‌ವರ್ಕ್ ಎಲ್ಲಿ ಸಿಗತ್ತೆ?"

"ಯಾವ ಸಿಮ್ಮಿಂದು?" ಅಂದ್ಲು ಅಮ್ಮ.