ಹತ್ತುಮೀನಿಗೆ ಎರಡು ವಾರ ಬಿಡುವು ಕೊಟ್ಟರೆ ಏನಾದೀತು?

ಮೊದಲ ಮಳೆ ಬಿದ್ದ ರಾತ್ರಿ ತೀರ್ಥಹಳ್ಳಿ ಕಡೆಯಿಂದ ಚಿಕ್ಕಪ್ಪನ ಮಗ ವಿಡಿಯೋ ಕಳಿಸಿದ್ದ. ಗದ್ದೆಯಂಚು, ತಲೆಗೆ ಟಾರ್ಚು, ಮೀನು ಬೀಳಿಸುವ ಬಿದಿರಿನ ಕೂಣಿ ತುಂಬ ಪಟಪಟ ಬಡಿಯುವ ಹತ್ತುಮೀನು, ಅಂದರೆ ಮೊಟ್ಟೆಯಿಡಲು ಮಳೆನೀರಿಗೆ ಎದುರಾಗಿ ಗದ್ದೆಗೆ ಹತ್ತಿ ಬರುವ ಮೀನು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಕೂತ ನನಗೆ ವಾಟೆಹುಳಿ ಹಾಕಿದ ಸಾರಿನ ವಾಸನೆಯೇ ಬಂದಂತಾಯಿತು. ಆಫೀಸಿನಲ್ಲಿ ಪಕ್ಕ ಕೂರುವವನಿಗೆ ಗಾಳದ ಹುಚ್ಚು ಜಾಸ್ತಿ. ಹೆಮ್ಮೆಯಿಂದ ತೋರಿಸಿದೆ. ಅವನು ಪೂರ್ತಿ ನೋಡಿ, "ಹೊಟ್ಟೆ ತುಂಬ ಮೊಟ್ಟೆ ಇದೆಯಲ್ಲ, ಈಗ ಹಿಡಿಯೋಕೆ ಬಿಡ್ತಾರಾ?" ಅಂದ.

ಸುಮ್ನೆ ಫೋನ್ ಜೇಬಿಗಿಟ್ಟೆ. ಬಿಡೋಕೆ, ಬಿಡದೇ ಇರೋಕೆ ನಮ್ಮಲ್ಲಿ ಯಾರಿದ್ದಾರೆ?

ಇಲ್ಲಿನವರಿಗೆ ವಾಲೈ ಅನ್ನೋ ಮೀನು ಅಂದರೆ ಪ್ರಾಣ. 1965ರಿಂದ ಅದೇ ಈ ರಾಜ್ಯದ ಮೀನು. ಏಪ್ರಿಲ್ ಹೊತ್ತಿಗೆ ಕೆರೆಯ ಐಸ್ ಕರಗುತ್ತಿದ್ದಂತೆ ಮೊಟ್ಟೆಯಿಡಲು ಹಳ್ಳ ಹತ್ತುತ್ತದೆ, ಥೇಟ್ ನಮ್ಮ ಹತ್ತುಮೀನೇ. ಆದರೆ ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ ಒಳನಾಡಿನ ಕೆರೆಗಳಲ್ಲಿ ಅದನ್ನು ಹಿಡಿಯುವಂತಿಲ್ಲ. ಆ ಹೊತ್ತಿನಲ್ಲಿ ಹಳ್ಳದ ಬಾಯಿಗೆ ಬಲೆ ಕಟ್ಟುವುದು ಇಲಾಖೆಯವರು ಮಾತ್ರ. ಮೀನಿನ ಹೊಟ್ಟೆ ಮೆಲ್ಲಗೆ ಒತ್ತಿ ಮೊಟ್ಟೆ ಇಳಿಸಿಕೊಂಡು, ಮೀನನ್ನು ವಾಪಸ್ ನೀರಿಗೆ ಬಿಡುತ್ತಾರೆ. ಮರಿ ಮಾಡಿಸಿ ಕೆರೆಗಳಿಗೆ ಹಾಕುತ್ತಾರೆ. ಮತ್ತೆ ಹಿಡಿಯಲು ಬಿಡುವ ಮೇ ತಿಂಗಳ ಆ ಶನಿವಾರಕ್ಕೆ ಜನ ಮಾರಿಜಾತ್ರೆಗೆ ಕಾದಂತೆ ಕಾಯುತ್ತಾರೆ. ಅವತ್ತು ಗವರ್ನರ್ ಕೂಡ ಗಾಳ ಹಿಡಿದು ಕೂರುವುದು 1948ರಿಂದ ಬಂದ ರೂಢಿ.

ಒಮ್ಮೆ ಆ ಗೆಳೆಯನ ದೋಣಿಯಿಂದ ಇಳಿಯುವಾಗ ಮೀನು, ಬೇಟೆಯ ಕಾನೂನು ನೋಡಿಕೊಳ್ಳುವ ಕನ್ಸರ್ವೇಷನ್ ಆಫೀಸರ್ ಎದುರಾದರು. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಅಳತೆಪಟ್ಟಿ. 20 ಇಂಚು ಮೀರಿದ ವಾಲೈ ತಲೆಗೆ ಒಂದೇ. ಮೀನಿನ ಮೂತಿ ಪಟ್ಟಿಯ ತುದಿಗೆ ತಾಗಿಸಿ, ಬಾಲ ಜೋಡಿಸಿ ಹಿಡಿದು ಅಳೆದರು. ಸರಿಯಿತ್ತು, ಹೋಗಿ ಅಂದರು. ಅಷ್ಟೂ ಹೊತ್ತು ಗೆಳೆಯ ಯಾರಿಗೂ ಫೋನ್ ಹಚ್ಚಲಿಲ್ಲ. "ನಾನ್ಯಾರು ಗೊತ್ತಾ" ಅನ್ನಲಿಲ್ಲ. ಲೈಸೆನ್ಸಿನ ದುಡ್ಡು ಮೀನು, ಬೇಟೆಪ್ರಾಣಿಗಳ ನಿಧಿಗೇ ಹೋಗುತ್ತದೆ. ಗಾಳದ ಕೋಲು, ರೀಲುಗಳ ಮೇಲಿನ ತೆರಿಗೆಯೂ 1950ರ ಕಾನೂನಿನಂತೆ ರಾಜ್ಯಗಳ ಮೀನಿನ ಕೆಲಸಕ್ಕೇ ಬರುತ್ತದೆ. ಆ ಆಫೀಸರ್ ತನ್ನ ದುಡ್ಡಲ್ಲೇ ತನ್ನ ಮೀನು ಕಾಯುತ್ತಾರೆ ಅಂತ ಅವನ ಲೆಕ್ಕ.

ನಮ್ಮಲ್ಲೂ ಹತ್ತುಮೀನು ಹಿಡಿಯಬೇಡಿ ಅಂತ ಇಲಾಖೆಯವರು ಹೇಳುವುದುಂಟು. ಪೇಪರಿನಲ್ಲೂ ಬರುತ್ತದೆ. ಮೃಗಶಿರಾ ಮಳೆಯಲ್ಲಿ ನಡುರಾತ್ರಿ ಗದ್ದೆಗೆ ಬಂದು ನೋಡುವವರು ಯಾರು? ಹಾಗಂತ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಮೀನಿಗೆ ಮಂಡಕ್ಕಿ ಎಸೆಯುತ್ತೇವೆಯೇ ಹೊರತು ಕೈ ಹಾಕುವುದಿಲ್ಲ. ಗದ್ದೆಗೆ ಹತ್ತಿ ಬಂದ ಮೀನಿಗೆ ಮಾತ್ರ ದೇವರೂ ಇಲ್ಲ, ಇಲಾಖೆಯೂ ಇಲ್ಲ.

"ಅಜ್ಜನ ಕಾಲದಿಂದ ಹಿಡೀತಿದೀವಿ" ಅಂತಾರೆ. ಅಜ್ಜ ಒಂದು ಕೂಣಿ ಇಟ್ಟು ಮಲಗುತ್ತಿದ್ದ. ಈಗ ಮೋರಿಯ ಬಾಯಿಗೇ ಅಡ್ಡಡ್ಡ ನೈಲಾನ್ ಬಲೆ ಬಿಗಿಯುತ್ತಾರೆ. ಒಂದೂ ಮೇಲೆ ಹೋಗಲಾರದು. ಆಮೇಲೆ "ಮೊದಲಿನ ಹಾಗೆ ಮೀನೇ ಇಲ್ಲ ಮಾರಾಯ" ಅಂತ ನನ್ನ ಹತ್ತಿರವೇ ಗೋಳು!

ಇಷ್ಟು ಬೈದ ಮೇಲೆ ಇಲ್ಲಿನದನ್ನೂ ಪೂರ್ತಿ ಹೇಳಬೇಕಲ್ವಾ. ಮಿಲ್ ಲ್ಯಾಕ್ಸ್ ಕೆರೆಯಲ್ಲಿ ಒಜಿಬ್ವೆ ಅನ್ನೋ ಮೂಲನಿವಾಸಿ ಜನ ವಾಲೈ ಮೊಟ್ಟೆಯಿಡುವ ಕಾಲಕ್ಕೇ ಬಲೆ ಹಾಕುತ್ತಾರೆ. ಅದು ಅಮೆರಿಕ ಸರ್ಕಾರದ ಜೊತೆ ಆದ 1837ರ ಒಪ್ಪಂದದ ಹಕ್ಕು. 1999ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ಎಷ್ಟು ಹಿಡಿಯಬಹುದು ಅನ್ನೋದು ಮೊದಲೇ ಗೊತ್ತಾಗಿರುತ್ತದೆ. ಅಂದರೆ ಆ ಕಾಲದಲ್ಲಿ ಹಿಡಿದದ್ದೆಲ್ಲ ಪಾಪ ಅಂತಲ್ಲ. ಗೆಳೆಯನ ದೋಣಿಯ ಬೆಲೆಗೆ ಊರಲ್ಲಿ ಒಂದು ಮನೆಯನ್ನೇ ಕಟ್ಟಬಹುದು, ಮೀನು ಅವನಿಗೆ ಮೋಜು. ಚಿಕ್ಕಪ್ಪನ ಮಗನಿಗೆ ಅದು ವರ್ಷಕ್ಕೊಮ್ಮೆ ದುಡ್ಡಿಲ್ಲದೆ ಸಿಗುವ ಊಟ. ಇದನ್ನು ನಾನು ಒಪ್ಪಲೇಬೇಕು.

ಮೊನ್ನೆ ಫೋನಿನಲ್ಲಿ ಚಿಕ್ಕಪ್ಪನ ಮಗನಿಗೆ ಇಲ್ಲಿನ ರೆಡ್ ಲೇಕ್ ಅನ್ನೋ ಕೆರೆಯ ಕತೆ ಹೇಳಿದೆ. ಹಿಡಿದೂ ಹಿಡಿದೂ 1990ರ ದಶಕದಲ್ಲಿ ಅಲ್ಲಿ ವಾಲೈ ಮುಗಿದೇ ಹೋಗಿತ್ತು. ಅಲ್ಲಿನ ಬುಡಕಟ್ಟಿನವರೂ ಸರ್ಕಾರವೂ 1999ರಲ್ಲಿ ಕೂತು ಮಾತಾಡಿ ಒಟ್ಟಿಗೆ ಬಲೆ, ಗಾಳ ಎತ್ತಿಟ್ಟರು. ಮರಿ ಬಿಟ್ಟರು. 2006ಕ್ಕೆ ಮತ್ತೆ ಹಿಡಿಯಲು ಶುರು. "ನಾವು ಬಿಟ್ರೆ ಆಚೆ ಊರಿನವರು ಬಿಡ್ತಾರಾ?" ಅಂದ. ಅದಕ್ಕೇ ಎರಡೂ ಊರಿನವರು ಪಂಚಾಯ್ತಿಯಲ್ಲಿ ಕೂತು, ಮೊದಲ ಎರಡು ವಾರ ಯಾರೂ ಹಿಡಿಯೋದು ಬೇಡ ಅಂತ ಮಾತಾಡಿಕೊಳ್ಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಹೊಳೆ ಗುಂಡಿಗೆ ಬ್ಲೀಚಿಂಗ್ ಪೌಡರ್ ಸುರಿಯೋರನ್ನ ಹಿಡೀರಿ, ಆಮೇಲೆ ನನ್ನ ಕೂಣಿ ಹತ್ರ ಬನ್ನಿ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.